ಭೀಮಾ ತೀರದಿಂದ ಕಡಲ ಬಂಡೆಗಳವರೆಗೆ

ಭೀಮಾ ನದಿಯ ದಂಡೆಯ ಮೇಲಿರುವ ನಮ್ಮ ಅಗರಖೇಡದಲ್ಲಿ ಹೊಳೆಯ ನೀರು ಕಾಣದವರಿಲ್ಲ. ಕಡಲನ್ನು ಕಂಡವರು ಮಾತ್ರ ಬೆರಳೆಣಿಕೆಯಷ್ಟು. ಸೋಜಿಗವೆಂದರೆ, ನಮ್ಮ ಭೀಮೆ ಹುಟ್ಟುವುದು ಪಶ್ಚಿಮ ಕಡಲಿಗೆ ಸಮೀಪದಲ್ಲಿಯೇ ಇರುವ, ಪುಣೆ ಜಿಲ್ಲೆಯ ಭೀಮಾಶಂಕರದ ಬೆಟ್ಟಗಳಲ್ಲಿ. ಆದರೂ ಹತ್ತಿರದ ಕಡಲಿಗೆ ಬೆನ್ನು ಮಾಡಿ, ಸುಮಾರು 860 ಕಿಲೋಮೀಟರು ಪೂರ್ವಾಭಿಮುಖವಾಗಿ ಹರಿದು, ರಾಯಚೂರು ಜಿಲ್ಲೆಯ ಗಡಿಯಲ್ಲಿ ಕೃಷ್ಣೆಯನ್ನು ಕೂಡಿಕೊಂಡು ಬಂಗಾಳ ಕೊಲ್ಲಿಗೆ ಹೋಗುತ್ತಾಳೆ. ಮದುವೆಯಾಗಿ 30 ವರ್ಷ ಮೀರಿದರೂ ನಾವಿಬ್ಬರೂ ಆಕೆಯಂತೆಯೇ ಪಶ್ಚಿಮ ಕಡಲಿಗೆ ಬೆನ್ನು ಮಾಡಿಯೇ ಬಾಳಿದ್ದೆವು. ಒಂದು ವರ್ಷ ಬರ, ಮತ್ತೊಂದು ವರ್ಷ ಮಗಳ ಮದುವೆ, ಮಗುದೊಂದು ವರ್ಷ ಬಾವಿಯ ಸಾಲ; ಪ್ರವಾಸದ ಮಾತು ಮುಂದಕ್ಕೆ ಹೋಗುತ್ತಲೇ ಇತ್ತು.

2020ರ ಅಕ್ಟೋಬರಿನಲ್ಲಿ ಭೀಮೆಗೆ ಮಹಾಪೂರ ಬಂದಾಗ ದಂಡೆಯ ಅನೇಕ ಊರುಗಳಂತೆ ನಮ್ಮ ಮನೆಗೂ ನೀರು ನುಗ್ಗಿತು. ಜೀವ ಉಳಿಯಿತು, ದನಕರು ಉಳಿದವು. ನೀರು ಇಳಿದ ಮೇಲೆ ಟ್ರಂಕು ತೆರೆದು ನೋಡಿದರೆ ಮದುವೆಯ ಆಲ್ಬಮ್ಮು ಕೆಸರಿನಲ್ಲಿ ನೆನೆದು ಮುದ್ದೆಯಾಗಿತ್ತು. ಒಂದು ಚಿತ್ರವನ್ನು ಮತ್ತೊಂದರಿಂದ ಬಿಡಿಸಹೋದರೆ ಮುಖಗಳೇ ಕಿತ್ತು ಬರುತ್ತಿದ್ದವು. ನಮ್ಮ ಮನೆಯವರು ಅಳಲಿಲ್ಲ. ಆದರೆ ಆ ದಿನದಿಂದ ಅವರು ಹೊಳೆಯ ಕಡೆಗೆ ಕಾಲಿಡಲಿಲ್ಲ. ಮಳೆಗಾಲದಲ್ಲಿ ರಾತ್ರಿ ಎದ್ದು ಕೂಡುವರು. "ಊರು ಬಿಟ್ಟು ಮಗನ ಮನಿಗೆ ವಿಜಯಪುರಕ್ಕ ಹೋಗೋಣ್ರಿ" ಎಂಬುದೇ ಅವರ ಮಾತು. ಹೊಲ ಬಿಟ್ಟು ಬದುಕಲಾರೆನೆಂಬುದು ನನ್ನ ಹಟ. ಮನೆಯಲ್ಲಿ ಮಾತು ಕಡಿಮೆಯಾಯಿತು.

ನಿವೃತ್ತಿಯಾದ ಮೇಲೆ ಮಗ ನನಗೊಂದು ಚಿಕ್ಕ ಕ್ಯಾಮರಾ ತಂದುಕೊಟ್ಟಿದ್ದ. ಸಂಕ್ರಾಂತಿಗೆ ಬಂದವನು, "ಅಪ್ಪಾ, ಅವ್ವನ್ನ ಕರ್ಕೊಂಡು ಕಡಲ ನೋಡಿ ಬರ್ರಿ. ಫೋಟೋ ತಗೊಂಡು ಬರ್ರಿ" ಎಂದು ತಾನೇ ಟಿಕೀಟು ತೆಗೆಸಿದ. ಹೊಲದಲ್ಲಿ ಬಿಳಿಜೋಳ ತೆನೆ ಹಿಡಿದು ನಿಂತಿದ್ದ ಕಾಲ. ಕಟಕ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಕಟ್ಟಿಕೊಂಡು ಶುಕ್ರವಾರ ವಿಜಯಪುರದಲ್ಲಿ ಮಂಗಳೂರಿನ ರೈಲು ಹತ್ತಿದೆವು.

ಶನಿವಾರ ಮುಂಜಾನೆ ರೈಲು ಸಕಲೇಶಪುರ ದಾಟಿ ಘಟ್ಟ ಇಳಿಯತೊಡಗಿತು. ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗಿನ ಈ ದಾರಿಯಲ್ಲಿ 57 ಸುರಂಗಗಳಿವೆ. ಬಯಲುಸೀಮೆಯ ನಮ್ಮ ಕಣ್ಣಿಗೆ ಆ ಹಸಿರು, ಆ ಕಮರಿ ಕನಸಿನಂತೆ ತೋರಿತು. ಸುರಂಗಗಳನ್ನು ಎಣಿಸುತ್ತ ಹೊರಟ ನಮ್ಮ ಮನೆಯವರು 20ಕ್ಕೆ ತಪ್ಪಿದರು. ಬಹಳ ದಿನಗಳ ಮೇಲೆ ನಕ್ಕರು.

ಮಂಗಳೂರಿನಿಂದ ಬಸ್ಸು ಹಿಡಿದು ಸಂಜೆಯ ಹೊತ್ತಿಗೆ ಉಡುಪಿಗೆ ಮುಂಚೆ ಸಿಗುವ ಕಾಪು ತಲುಪಿದೆವು. ಇಲ್ಲಿಯ ದೀಪಸ್ತಂಭ 1901ರಲ್ಲಿ ಕಟ್ಟಿದ್ದು. ಸುಮಾರು 27 ಮೀಟರು ಎತ್ತರ. ಮರಳಿನ ನಡುವೆ ಎದ್ದು ನಿಂತ ಹೆಬ್ಬಂಡೆಯ ನೆತ್ತಿಯಲ್ಲಿ ಅದು ನಿಂತಿದೆ. ಕೆಳಗೆ ಅಲೆಗಳು ಬಂಡೆಗೆ ಅಪ್ಪಳಿಸಿ ಬಿಳಿಯ ನೊರೆಯಾಗಿ ಒಡೆಯುತ್ತವೆ. ಮುಳುಗುವ ಸೂರ್ಯನಿಗೆ ಎದುರಾಗಿ ಹಿಡಿದರೆ ಬಂಡೆಯೂ ಸ್ತಂಭವೂ ಕಪ್ಪು ನೆರಳಾಗಿ, ಕಡಲು ಮಾತ್ರ ಹೊನ್ನಿನ ಹಾಳೆಯಾಗಿ ಬರುತ್ತದೆ. ಅಂಥ ಹಲವು ಚಿತ್ರಗಳನ್ನು ತೆಗೆದೆ. ಆದರೆ ನಮ್ಮ ಮನೆಯವರು ಮರಳಿನ ಅಂಚಿನಲ್ಲಿಯೇ, ತೆಂಗಿನ ಮರದ ಬುಡದಲ್ಲಿ ಸೆರಗು ಬಿಗಿಹಿಡಿದು ಕುಳಿತಿದ್ದರು. "ಏನ್ರೀ, ಇಷ್ಟೊಂದು ನೀರು! ನೋಡಿದ್ರ ಎದಿ ಝಲ್ಲಂತೈತ್ರಿ" ಎಂದರು. ಒತ್ತಾಯಿಸುವ ಧೈರ್ಯ ನನಗಾಗಲಿಲ್ಲ. ತಪ್ಪು ಮಾಡಿದೆನೇನೋ ಎಂಬ ಚಿಂತೆಯಲ್ಲಿಯೇ ಆ ರಾತ್ರಿ ಉಡುಪಿಯಲ್ಲಿ ಕಳೆದೆ.

ರವಿವಾರ ಬೆಳಿಗ್ಗೆ ಮಲ್ಪೆ ಬಂದರಿಗೆ ಹೋದೆವು. ದಡದಿಂದ ಸುಮಾರು 6 ಕಿಲೋಮೀಟರು ಒಳಗೆ ಸೇಂಟ್ ಮೇರೀಸ್ ದ್ವೀಪಗಳಿವೆ. ಸ್ಥಳೀಯರು ತೋನ್ಸೆಪಾರ್ ಎಂದೂ ಕರೆಯುತ್ತಾರೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿಗೆ ಬಂದಿಳಿದು ಮೇರಿ ಮಾತೆಯ ಹೆಸರಿಟ್ಟನೆಂಬ ಐತಿಹ್ಯವುಂಟು. ದೋಣಿಯ ಟಿಕೀಟಿನ ಕಿಟಕಿಯ ಮುಂದೆ ನಿಂತು, "ನೀ ಇಲ್ಲೇ ಕುಂದ್ರು, ನಾ ಹೋಗಿ ಬರ್ತೀನಿ" ಎಂದೆ. ಅವರು ಬಹಳ ಹೊತ್ತು ನೀರನ್ನೇ ನೋಡಿದರು. ಆಮೇಲೆ, "ರೊಟ್ಟಿ ಬುತ್ತಿ ನನ್ ಕೈಯಾಗ ಐತಿ. ನೀವು ಒಬ್ರೇ ಹೋಗಿ ಅಲ್ಲಿ ಏನ್ ತಿಂತೀರಿ?" ಎಂದು ಮುಂದೆ ನಡೆದರು. ದೋಣಿಯಲ್ಲಿ ಜೀವರಕ್ಷಕ ಅಂಗಿ ತೊಡಿಸಿದಾಗ ಅವರ ಕೈ ನಡುಗುತ್ತಿತ್ತು. ದಡ ಸಣ್ಣದಾಗುತ್ತ ಹೋದಂತೆ ನನ್ನ ತೋಳಿನಲ್ಲಿ ಅವರ ಬೆರಳು ಊರುತ್ತಿದ್ದವು.

ದ್ವೀಪಕ್ಕೆ ಇಳಿದೊಡನೆ ಇಬ್ಬರೂ ಬೆರಗಾದೆವು. ಯಾರೋ ಶಿಲ್ಪಿ ಉಳಿ ಹಿಡಿದು ಕಡೆದು, ಒತ್ತೊತ್ತಾಗಿ ಜೋಡಿಸಿಟ್ಟಂತೆ ಕಲ್ಲಿನ ಕಂಬಗಳು! ಐದು, ಆರು, ಏಳು ಮೂಲೆಯ ಕಂಬಗಳು. ಕೆಲವು ಮೊಣಕಾಲೆತ್ತರ, ಎತ್ತರದವು ಸುಮಾರು 6 ಮೀಟರು. ಎಲ್ಲಿಯೂ ಮನುಷ್ಯನ ಕೈ ಸೋಂಕಿಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಒಂದಾಗಿದ್ದ ಭಾರತ ಮತ್ತು ಮಡಗಾಸ್ಕರ್ ಭೂಭಾಗಗಳು ಬೇರ್ಪಡುವ ಕಾಲಕ್ಕೆ ನೆಲದೊಳಗಿನಿಂದ ಉಕ್ಕಿದ ಲಾವಾರಸ ಇಲ್ಲಿ ಹೆಪ್ಪುಗಟ್ಟಿತು. ಜನ ಇದನ್ನು ಬಸಾಲ್ಟ್ ಎನ್ನುವುದುಂಟು. ವಾಸ್ತವವಾಗಿ ಇದು ಸಿಲಿಕಾ ಹೆಚ್ಚಾಗಿರುವ ರಯೋಲೈಟ್ ಜಾತಿಯ ಕಲ್ಲು.

"ಹಿಂಗ್ಯಾಕ ಸೀಳ್ಯಾವ್ರಿ?" ಎಂದು ನಮ್ಮ ಮನೆಯವರು ಕೇಳಿದರು. ಉತ್ತರ ನಮ್ಮ ಹೊಲದಲ್ಲಿಯೇ ಇತ್ತು. ಬೇಸಿಗೆಯಲ್ಲಿ ನಮ್ಮ ಎರೆಭೂಮಿ ಒಣಗಿ, ಕುಗ್ಗಿ, ಕಾಲು ಹೋಗುವಷ್ಟು ಬಿರುಕು ಬಿಡುವುದಿಲ್ಲವೆ? ಆ ಬಿರುಕುಗಳು ಒಂದನ್ನೊಂದು ಕೂಡಿ ನೆಲವನ್ನು ಹಲವು ಮೂಲೆಯ ತುಂಡುಗಳಾಗಿ ಹಂಚುವುದಿಲ್ಲವೆ? ಇಲ್ಲಿಯೂ ಆದದ್ದು ಅದೇ. ಅಲ್ಲಿ ತೇವ ಆರಿ ಮಣ್ಣು ಕುಗ್ಗಿದರೆ, ಇಲ್ಲಿ ಕಾವು ಆರಿ ಲಾವಾ ಕುಗ್ಗಿತು. ಮೇಲಿನಿಂದ ಬಿಟ್ಟ ಬಿರುಕು ತಣಿದಂತೆಲ್ಲ ಆಳಕ್ಕಿಳಿದು ಕಂಬಗಳಾದವು. ಅಷ್ಟೇ ಅಲ್ಲ, ನಮ್ಮ ವಿಜಯಪುರ ಸೀಮೆಯ ಕರಿಗಲ್ಲು ಕೂಡ ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನದ ಮೇಲೆ ಪದರು ಪದರಾಗಿ ಹರಿದ ಲಾವಾರಸವೇ. ಆ ಕಲ್ಲು ಸವೆದು ಆದದ್ದೇ ನಮ್ಮ ಎರೆಮಣ್ಣು. "ಹಂಗಾದ್ರ ಇದು ನಮ್ ಹೊಲದ ಬಳಗ ಅನ್ರಿ" ಎಂದು ಅವರು ಒಂದು ಕಂಬದ ಮೇಲೆ ಕೈಯಿಟ್ಟರು.

ಇನ್ನು ಛಾಯಾಚಿತ್ರದ ಮಾತು. ಎಷ್ಟು ತೆಗೆದರೂ ಕಂಬಗಳು ಕಲ್ಲಿನ ರಾಶಿಯಂತೆ ಚಪ್ಪಟೆಯಾಗಿ ಕಾಣುತ್ತಿದ್ದವು. ಅವುಗಳ ಎತ್ತರ ತಿಳಿಯುತ್ತಲೇ ಇರಲಿಲ್ಲ. ತೆರೆಯನ್ನು ತೋರಿಸಿ ಬೇಸರಪಟ್ಟುಕೊಂಡಾಗ ಅವರು, "ಬಾಜೂಕ ಮನಷ್ಯಾರು ಇಲ್ದ ಎತ್ತರ ಹೆಂಗ ತಿಳೀಬೇಕು?" ಎಂದು ತಾವೇ ಹೋಗಿ ಕಂಬಗಳ ಮಗ್ಗುಲಿಗೆ ನಿಂತರು. ಹಿಂದೆ ಅಲೆಯೊಂದು ಬಂಡೆಗೆ ಬಡಿದು ಮೇಲೆದ್ದಿತು. ತುಂತುರು ಅವರ ಮುಖಕ್ಕೆ ಸಿಡಿಯಿತು. ಅವರು ಓಡಲಿಲ್ಲ. ಕಣ್ಣು ಮುಚ್ಚಿ, ಮತ್ತೆ ತೆರೆದು, ನಕ್ಕರು. ಆ ಕ್ಷಣವೇ ಗುಂಡಿ ಒತ್ತಿದೆ. ಪ್ರವಾಸದಲ್ಲಿ ತೆಗೆದ ನೂರಾರು ಚಿತ್ರಗಳಲ್ಲಿ ನನಗೆ ಬೇಕಾದದ್ದು ಅದೊಂದೇ. ಆಮೇಲೆ ಅಲ್ಲಿದ್ದ ಕಾಲೇಜು ಹುಡುಗನೊಬ್ಬ ಕ್ಯಾಮರಾ ಇಸಿದುಕೊಂಡು ನಮ್ಮಿಬ್ಬರನ್ನೂ ನಿಲ್ಲಿಸಿ ಚಿತ್ರ ತೆಗೆದುಕೊಟ್ಟ. ಮಹಾಪೂರದ ನಂತರ ನಾವಿಬ್ಬರೂ ಜೊತೆಗಿರುವ ಮೊದಲ ಚಿತ್ರವದು. ಚಿಪ್ಪುಗಳು ಚೆಲ್ಲಿದ್ದ ದಂಡೆಯಲ್ಲಿ, ತೆಂಗಿನ ನೆರಳಿನಲ್ಲಿ ಕುಳಿತು ಬುತ್ತಿ ಬಿಚ್ಚಿದೆವು.

ಹೋಗಬಯಸುವ ಓದುಗ ಬಾಂಧವರಿಗೆ ಒಂದೆರಡು ಸೂಚನೆ. ಮಳೆಗಾಲದಲ್ಲಿ ದೋಣಿಗಳು ಹೋಗುವುದಿಲ್ಲ. ದೀಪಾವಳಿಯ ನಂತರದ ಚಳಿಗಾಲವೇ ಹಿತ. ಮುಂಜಾನೆಯ ಓರೆ ಬಿಸಿಲಿನಲ್ಲಿ ಕಂಬಗಳ ಅಂಚು ಸ್ಪಷ್ಟವಾಗಿ ಮೂಡುತ್ತದೆ. ನಡು ಮಧ್ಯಾಹ್ನ ಚಿತ್ರ ಸಪ್ಪೆಯಾಗುತ್ತದೆ. ಉಪ್ಪುನೀರಿನ ತುಂತುರು ಕ್ಯಾಮರಾಕ್ಕೆ ವೈರಿ. ಮೆತ್ತನೆಯ ಒಣ ಬಟ್ಟೆ ಜೊತೆಗಿರಲಿ. ಅಲೆಗೆ ಒದ್ದೆಯಾದ ಬಂಡೆ ಜಾರುತ್ತದೆ. ಚಿತ್ರದ ಆಸೆಗೆ ಅಂಚಿಗೆ ಹೋಗಬೇಡಿರಿ. ಕಲ್ಲಿನ ಚೂರನ್ನಾಗಲಿ ಚಿಪ್ಪನ್ನಾಗಲಿ ಎತ್ತಿ ತರುವುದೂ ಬೇಡ.

ಊರಿಗೆ ಮರಳಿದ ಮೇಲೆ ಆ ಎರಡೂ ಚಿತ್ರಗಳನ್ನು ಕಾಗದದ ಮೇಲೆ ಅಚ್ಚು ಹಾಕಿಸಿ ಎರಡೆರಡು ಪ್ರತಿ ತೆಗೆಸಿದೆವು. ಒಂದು ಜೊತೆ ನಮ್ಮ ಪಡಸಾಲೆಯಲ್ಲಿ, ಇನ್ನೊಂದು ವಿಜಯಪುರದಲ್ಲಿ ಮಗನ ಮನೆಯಲ್ಲಿ. ನೀರು ಮತ್ತೆ ಬಂದರೂ ಒಂದು ಕಡೆ ಉಳಿಯಲಿ ಎಂಬ ಯೋಚನೆ ನಮ್ಮ ಮನೆಯವರದೇ. ಊರು ಬಿಡುವ ಮಾತು ಪೂರ್ತಿ ನಿಂತಿಲ್ಲ. ಮಳೆಗಾಲ ಬಂದಾಗ ಮತ್ತೆ ಏಳಬಹುದು. ಏಳಲಿ, ಈ ಸಲ ಕೂಡಿಯೇ ಮಾತಾಡುತ್ತೇವೆ. ನನ್ನ ಹಟವನ್ನು ನಾನೂ ಸಡಿಲಿಸಿದ್ದೇನೆ. ಆದರೆ ಬಂದ ಮೂರನೆಯ ದಿನ ಸಂಜೆ ಅವರು ಬಾಗಿಲಲ್ಲಿ ನಿಂತು, "ನಡೀರಿ, ಹೊಳೀ ತನಕ ಹೋಗಿ ಬರೂಣು" ಎಂದರು. ಬೇಸಿಗೆಯತ್ತ ಸಾಗಿದ್ದ ಭೀಮೆ ಸಣ್ಣಗೆ, ಸದ್ದಿಲ್ಲದೆ ಪೂರ್ವಕ್ಕೆ ಹರಿಯುತ್ತಿದ್ದಳು. ಕ್ಯಾಮರಾ ತಂದಿರಲಿಲ್ಲ. ಕತ್ತಲಾಗುವವರೆಗೂ ಇಬ್ಬರೂ ದಂಡೆಯಲ್ಲಿ ಕುಳಿತೆವು.