ಹಳೆಯ ವಾಹನ ಕೊಳ್ಳುವ ಮುನ್ನ

ಬಾದಾಮಿಯ ಬನಶಂಕರಿ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಹೋಗಿ ಅಲ್ಲಿಯೇ ಬಿಡಾರ ಹೂಡುತ್ತಿದ್ದ ಮನೆತನ ನಮ್ಮದು. ಚಕ್ಕಡಿಯ ಸ್ಥಾನಕ್ಕೆ ಈಗ ಹಳೆಯದೊಂದು ಟೆಂಪೋ ಟ್ರಾವೆಲರ್ ಬರಲೆಂದು ಎಲ್ಲರ ಆಸೆ. ಇಳಕಲ್ಲಿನಲ್ಲಿ ಅಂಥದೊಂದು ಮಾರಾಟಕ್ಕಿತ್ತು. ಒಳಗೆ ಫ್ಯಾನು, ಬಣ್ಣದ ದೀಪಗಳು, ಏನೆಲ್ಲ! ನಮ್ಮವರು ಟೈರು, ಇಂಜಿನ್ನು ನೋಡಿ ತೃಪ್ತರಾದರು. ನಾನು ಹುನಗುಂದದಿಂದ ವೈರಿಂಗ್ ಬಲ್ಲವರೊಬ್ಬರನ್ನು ಕರೆದೊಯ್ದಿದ್ದೆ.

ಅವರು ಮೊದಲು ಬ್ಯಾಟರಿಗೆ ಮೀಟರ್ ಹಿಡಿದರು. ಇಂಜಿನ್ ನಿಂತಿರುವಾಗ 12.6 ವೋಲ್ಟಿನ ಆಸುಪಾಸು, ಚಾಲೂ ಆದ ಮೇಲೆ 14ರ ಸಮೀಪ ತೋರಿಸಬೇಕು. ಅದು ಸರಿಯಿತ್ತು. ಫ್ಯೂಸಿನ ಪೆಟ್ಟಿಗೆ ತೆರೆದಾಗ ಮಾತ್ರ ಸುಮ್ಮನಾದರು. ಒಂದು ಫ್ಯೂಸಿನ ಜಾಗದಲ್ಲಿ ದಪ್ಪ ತಾಮ್ರದ ತಂತಿ ಸುತ್ತಿತ್ತು! ವಿದ್ಯುತ್ತು ಮಿತಿಮೀರಿದಾಗ ತಾನು ಕರಗಿ ಉಳಿದುದನ್ನು ಕಾಯುವುದು ಫ್ಯೂಸಿನ ಧರ್ಮ. ದಪ್ಪ ತಂತಿ ಕರಗದು. ಆಗ ವೈರೇ ಕಾದು ಅದರ ಹೊದಿಕೆಗೆ ಬೆಂಕಿ ಹತ್ತೀತು. ಹಿಂದಿನ ಸೀಟಿನ ಕೆಳಗೆ ಆ ಹೊದಿಕೆ ಆಗಲೇ ಕಪ್ಪಾಗಿತ್ತು. ಜಾತ್ರೆಯ ರಾತ್ರಿ ಅದೇ ಸೀಟಿನ ಮೇಲೆ ನಮ್ಮ ತಾಯಿಯವರೂ ಮಕ್ಕಳೂ ಮಲಗತಕ್ಕವರು.

ಮಾರುವವರು ಬೆಲೆ ಇಳಿಸಲು ಮುಂದಾದರು. ನಾವು ಒಪ್ಪಲಿಲ್ಲ. ವೈರಿಂಗ್ ಪೂರ್ತಿ ಹೊಸದಾಗಿ ಮಾಡಿಸಿಕೊಟ್ಟರೆ ಮೊದಲಿನ ಬೆಲೆಯನ್ನೇ ಕೊಡುವೆವೆಂದು ಹೇಳಿ ಬಂದಿದ್ದೇವೆ. ಬನದ ಹುಣ್ಣಿಮೆಗೆ ಇನ್ನೂ ಎರಡು ತಿಂಗಳಿದೆ.