ತಣ್ಣೀರೋ ತಂಗಾಳಿಯೋ

ತಣ್ಣೀರು, ತಂಗಾಳಿ ಎಂಬ ಎರಡು ಪದಗಳೂ ಕರ್ಮಧಾರಯ ಸಮಾಸಕ್ಕೆ ಉದಾಹರಣೆಗಳೆಂದು ಪ್ರೌಢಶಾಲೆಯ ಮಕ್ಕಳು ಕಂಠಪಾಠ ಮಾಡುತ್ತಾರೆ. ಎರಡರಲ್ಲಿಯೂ ಪೂರ್ವಪದ ಒಂದೇ. ತಂಪನ್ನು ಹೇಳುವ ಅಚ್ಚಗನ್ನಡದ ‘ತಣ್’. ವ್ಯಾಕರಣದ ಪುಟದಲ್ಲಿ ಹೀಗೆ ಒಡಹುಟ್ಟಿದವರಂತೆ ಅಕ್ಕಪಕ್ಕದಲ್ಲಿ ಕುಳಿತಿರುವ ಇವೆರಡರಲ್ಲಿ ಯಾವುದನ್ನು ಆರಿಸಿಕೊಳ್ಳಬೇಕೆಂಬ ಜಿಜ್ಞಾಸೆಯೊಂದು 2024ರ ಬೇಸಿಗೆಯಲ್ಲಿ ಕಣಕಟ್ಟೆಯ ಒಂದು ಮನೆಯಲ್ಲಿ ತಲೆದೋರಿತು. ಜಿಜ್ಞಾಸೆಗೆ ಕಾರಣವಾದ ವಸ್ತು ಹಿರಿಯರಿಗೆ ಅಪರಿಚಿತವಾದ ಗೇಮಿಂಗ್ ಕಂಪ್ಯೂಟರ್. ಆದರೆ ಎದ್ದ ಪ್ರಶ್ನೆ ಹಳೆಯದು.

ಅರಸೀಕೆರೆ ತಾಲ್ಲೂಕಿನ ಹೋಬಳಿ ಕೇಂದ್ರಗಳಲ್ಲಿ ಒಂದಾದ ಕಣಕಟ್ಟೆಯು ತನ್ನ ಹೆಸರಿನಲ್ಲಿಯೇ ಕಟ್ಟೆಯನ್ನು ಹೊತ್ತಿದ್ದರೂ ನೀರಿನ ಸಿರಿಯುಳ್ಳ ಸೀಮೆಗೆ ಸೇರಿದ್ದಲ್ಲ. ತೆಂಗು ಮತ್ತು ರಾಗಿ ಇಲ್ಲಿಯ ಬಾಳಿಗೆ ಆಧಾರ. ಅರಸೀಕೆರೆಯ ಮಾರುಕಟ್ಟೆಯಲ್ಲಿ ಕೊಬ್ಬರಿಯ ಧಾರಣೆ ಏರಿದರೆ ಮನೆಮನೆಗಳಲ್ಲಿ ಮಾತು ಹೆಚ್ಚುತ್ತದೆ, ಇಳಿದರೆ ಕಡಮೆಯಾಗುತ್ತದೆ. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ಅದರ ಮರುವರ್ಷದ ಬೇಸಿಗೆಯ ಬಿಸಿಲನ್ನು ಈ ಕಡೆಯವರು ಯಾರೂ ಬೇಗ ಮರೆಯಲಾರರು.

ಆ ಮನೆಯ ಹುಡುಗ ಹಾಸನದಲ್ಲಿ ಇಂಜಿನಿಯರಿಂಗ್ ವ್ಯಾಸಂಗದ ಮೂರನೆಯ ವರ್ಷದಲ್ಲಿದ್ದ. ರಜೆಯಲ್ಲಿ ಸುತ್ತಮುತ್ತಲ ಮದುವೆಗಳ ವೀಡಿಯೋಗಳನ್ನು ಕತ್ತರಿಸಿ ಜೋಡಿಸಿಕೊಟ್ಟು ನಾಲ್ಕು ಕಾಸು ಸಂಪಾದಿಸುತ್ತಿದ್ದ. ಆ ಸಂಪಾದನೆಗೆ ತಂದೆ ಕೊಬ್ಬರಿ ಮಾರಿದ ಹಣದಲ್ಲಿ ಒಂದು ಪಾಲನ್ನು ಸೇರಿಸಿದ ಮೇಲೆ, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಿಡಿಭಾಗಗಳನ್ನು ಕೊಂಡುತಂದು ತಾನೇ ಯಂತ್ರವನ್ನು ಕಟ್ಟಿದ್ದ. ಅದರ ಮಿದುಳು ರೈಜನ್ 5 7600 ಎಂಬ ಪ್ರೊಸೆಸರ್. ಚಿತ್ರಗಳನ್ನು ಮೂಡಿಸುವ ಹೊಣೆ ಆರ್.ಟಿ.ಎಕ್ಸ್. 4060 ಎಂಬ ಗ್ರಾಫಿಕ್ಸ್ ಕಾರ್ಡಿನದು. ಹಗಲು ಮದುವೆಯ ವೀಡಿಯೋ, ರಾತ್ರಿ ಆಟ. ಆಟವೆಂದೊಡನೆ ಹುಬ್ಬುಗಂಟಿಕ್ಕುವವರು ಉಂಟು. ಆದರೆ ಚದುರಂಗಕ್ಕೂ ಚೌಕಾಬಾರಕ್ಕೂ ದೊರೆತ ಕ್ಷಮೆಯನ್ನು ಇದಕ್ಕೆ ಮಾತ್ರ ನಿರಾಕರಿಸುವುದು ನ್ಯಾಯವಲ್ಲ.

ಏಪ್ರಿಲ್ ತಿಂಗಳ ಮಧ್ಯಾಹ್ನಗಳಲ್ಲಿ ಯಂತ್ರ ಬಿಸಿಯೇರತೊಡಗಿತು. ವೀಡಿಯೋ ಸಿದ್ಧವಾಗುವ ಹೊತ್ತಿನಲ್ಲಿ ಪ್ರೊಸೆಸರಿನ ಉಷ್ಣತೆ 94 ಡಿಗ್ರಿ ಸೆಲ್ಸಿಯಸ್ ಮುಟ್ಟಿ ಅಲ್ಲಿಯೇ ನಿಲ್ಲುತ್ತಿತ್ತು. ಈ ಜಾತಿಯ ಪ್ರೊಸೆಸರಿಗೆ 95 ಡಿಗ್ರಿ ಎಂಬುದು ಲಕ್ಷ್ಮಣರೇಖೆ. ಅದನ್ನು ಸಮೀಪಿಸಿದಾಗ ಅದು ತನ್ನ ವೇಗವನ್ನು ತಾನೇ ತಗ್ಗಿಸಿಕೊಂಡು ಆತ್ಮರಕ್ಷಣೆ ಮಾಡಿಕೊಳ್ಳುತ್ತದೆ. ಸುಟ್ಟುಹೋಗುವ ಭಯ ಅಷ್ಟಾಗಿ ಇಲ್ಲ. ಆದರೆ ಕೆಲಸ ನಿಧಾನವಾಗುತ್ತದೆ, ಪಂಖ ಮಾತ್ರ ಗಿರಣಿಯಂತೆ ಸದ್ದು ಮಾಡುತ್ತದೆ.

ಹಾಸನದಲ್ಲಿ ಅವನ ಗೆಳೆಯನೊಬ್ಬ ಇಂಥದೇ ಪ್ರೊಸೆಸರಿಗೆ ನೀರಿನ ತಂಪಿನ ಏರ್ಪಾಡು ಮಾಡಿಸಿದ್ದ. ಗಾಜಿನ ಪೆಟ್ಟಿಗೆಯೊಳಗೆ ಕರಿಯ ಕೊಳವೆಗಳು, ಬಣ್ಣಬಣ್ಣದ ಬೆಳಕು, ಸದ್ದಿಲ್ಲದ ಸಂಚಾರ. ಕಂಡವರ ಮನಸ್ಸು ಸೋಲುವಂಥದೇ ಸರಿ. ಕಾರ್ಖಾನೆಯಲ್ಲಿಯೇ ದ್ರವ ತುಂಬಿ ಮುಚ್ಚಿದ, 240 ಮಿಲಿಮೀಟರ್ ರೇಡಿಯೇಟರುಳ್ಳ ಅಂಥ ಒಂದು ಸಲಕರಣೆಗೆ ಏಳೆಂಟು ಸಾವಿರ ರೂಪಾಯಿ. ಇನ್ನೂ ದೊಡ್ಡದಕ್ಕೆ ಹನ್ನೆರಡು ಸಾವಿರದ ಮೇಲೆ. ಕೊಳವೆಗಳನ್ನು ತಾನೇ ಬಾಗಿಸಿ ಜೋಡಿಸಿಕೊಳ್ಳುವ ಮಾದರಿಯಾದರೆ ಖರ್ಚಿಗೆ ಮಿತಿಯಿಲ್ಲ. ವಿಷಯ ಕೇಳಿದ ತಂದೆ ಒಂದು ಮಾತೂ ಆಡದೆ ಹದಿನೈದು ಸಾವಿರವನ್ನು ಎತ್ತಿಟ್ಟು, ಬೇಕಾದಾಗ ತೆಗೆದುಕೋ ಎಂದಿದ್ದರು.

ಆದರೆ ಒಂದು ಸಂಜೆ ಜಗಲಿಯ ಮೇಲೆ ಅವರು ಸುಮ್ಮನೆ ಒಂದು ಪ್ರಶ್ನೆ ಕೇಳಿದರು.

“ಅಲ್ಲ ಮಗಾ, ಬಿಸಿಯಾದ ನೀರು ಎಲ್ಲಿಗೆ ಹೋಗ್ತದೆ?”

“ಎಲ್ಲಿಗೂ ಹೋಗಲ್ಲ ಅಪ್ಪಾಜಿ. ಅದೇ ನೀರು ಸುತ್ತಿ ವಾಪಸ್ ಬರ್ತದೆ.”

“ಮತ್ತೆ ಅದನ್ನ ತಣ್ಣಗೆ ಮಾಡೋರು ಯಾರು?”

“ರೇಡಿಯೇಟರ್ ಇರ್ತದೆ. ಅದಕ್ಕೆ ಫ್ಯಾನು ಗಾಳಿ ಹಾಕ್ತದೆ.”

“ಹಂಗಾದ್ರೆ ಕೊನೇಗೆ ಗಾಳೀನೇ ಅನ್ನು!”

ಈ ಪ್ರಶ್ನೆ ಅವರಿಗೆ ಹೊಳೆದದ್ದು ಆಕಸ್ಮಿಕವಲ್ಲ. ತೆರೆದ ಬಾವಿಗಳಲ್ಲಿ ನೀರಿದ್ದ ಕಾಲದಲ್ಲಿ ಅವರು ಡೀಸೆಲ್ ಪಂಪ್‌ಸೆಟ್ಟನ್ನು ವರ್ಷಗಟ್ಟಲೆ ನಡೆಸಿದವರು. ಬಾವಿಯಿಂದ ಮೇಲೆತ್ತಿದ ನೀರಿನಲ್ಲಿ ಒಂದು ಸಣ್ಣ ಧಾರೆಯನ್ನು ಬೇರೆ ಕೊಳವೆಯಿಂದ ಇಂಜಿನ್ನಿನ ಹೊದಿಕೆಯೊಳಕ್ಕೆ ಹರಿಸಿದರೆ, ಅದು ಒಳಗಿನ ತಾಪವನ್ನು ಹೀರಿಕೊಂಡು ಇನ್ನೊಂದು ಕಡೆಯಿಂದ ಬಿಸಿಬಿಸಿಯಾಗಿ ಕಾಲುವೆಗೆ ಬೀಳುತ್ತಿತ್ತು. ಚಳಿಗಾಲದ ಬೆಳಗ್ಗೆ ಹುಡುಗರು ಆ ಧಾರೆಗೆ ಕೈಯೊಡ್ಡಲು ಜಗಳವಾಡುತ್ತಿದ್ದರು. ಅಲ್ಲಿ ಬಿಸಿಯಾದ ನೀರು ಮತ್ತೆ ಮರಳಿ ಬರುತ್ತಿರಲಿಲ್ಲ, ತೋಟಕ್ಕೆ ಹೋಗುತ್ತಿತ್ತು. ಹೊಸ ತಣ್ಣೀರು ನಿರಂತರವಾಗಿ ಒದಗುತ್ತಿತ್ತು. ನೀರಿನಿಂದ ತಂಪಾಗುವುದೆಂದರೆ ಅವರ ಅನುಭವದಲ್ಲಿ ಅದು. ಟ್ರ್ಯಾಕ್ಟರಿನ ರೇಡಿಯೇಟರನ್ನು ನೋಡಿದವರಿಗೆ ಎರಡಕ್ಕೂ ಇರುವ ಅಂತರ ತಿಳಿದೇ ತಿಳಿದಿರುತ್ತದೆ.

ವಾಸ್ತವವಾಗಿ ನೀರಿನ ಯೋಗ್ಯತೆ ಅಲ್ಪವಾದುದಲ್ಲ. ಅದರ ವಿಶಿಷ್ಟೋಷ್ಣ ಗಾಳಿಯದಕ್ಕಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು. ತೂಕದ ಲೆಕ್ಕ ಬಿಟ್ಟು ಗಾತ್ರದ ಲೆಕ್ಕಕ್ಕೆ ಬಂದರೆ, ಒಂದು ಲೀಟರ್ ನೀರು ಒಂದು ಡಿಗ್ರಿ ಏರುವಾಗ ಹೀರುವ ತಾಪವನ್ನು ಹೀರಲು ಮೂರು ಸಾವಿರ ಲೀಟರಿಗೂ ಮಿಕ್ಕ ಗಾಳಿ ಬೇಕು. ಕಮ್ಮಾರನು ಕಾದ ಕುಡುಗೋಲನ್ನು ಗಾಳಿಯಲ್ಲಿ ಬೀಸದೆ ನೀರಿನ ತೊಟ್ಟಿಯಲ್ಲಿ ಅದ್ದುವುದು ಸುಮ್ಮನೆ ಅಲ್ಲ. ದೊಡ್ಡ ಗಣಕಯಂತ್ರಗಳ ಇತಿಹಾಸದಲ್ಲಿಯೂ ಇದಕ್ಕೆ ಸಾಕ್ಷಿಗಳಿವೆ. 1980ರಲ್ಲಿ ಪ್ರಕಟವಾದ ಐ.ಬಿ.ಎಂ. 3081 ನೀರಿನಿಂದ ತಂಪಾಗುತ್ತಿತ್ತು. 1985ರ ಕ್ರೇ-2 ಯಂತ್ರದ ಅಂಗಾಂಗಗಳನ್ನು ವಿದ್ಯುತ್ ಹರಿಯಗೊಡದ ಒಂದು ದ್ರವದಲ್ಲಿ ಪೂರ್ತಿಯಾಗಿ ಮುಳುಗಿಸಿಯೇ ಇಟ್ಟಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಕಾರ್ಯಾರಂಭ ಮಾಡಿದ 3.3 ಪೆಟಾಫ್ಲಾಪ್ ಸಾಮರ್ಥ್ಯದ ಪರಮ್ ಪ್ರವೇಗವೂ ದ್ರವದ ತಂಪನ್ನು ಆಶ್ರಯಿಸಿದ ಯಂತ್ರವೇ. ಸಾವಿರಾರು ಪ್ರೊಸೆಸರುಗಳನ್ನು ಇಕ್ಕಟ್ಟಾಗಿ ಜೋಡಿಸಿ ಹಗಲಿರುಳೂ ದುಡಿಸುವಲ್ಲಿ ಗಾಳಿ ಸಾಲದು.

ಆದರೆ ನೀರು ಇಲ್ಲಿ ತಾಪವನ್ನು ನಾಶ ಮಾಡುವುದಿಲ್ಲ, ಹೊತ್ತು ಸಾಗಿಸುತ್ತದೆ ಅಷ್ಟೆ. ಹೊರೆ ಇಳಿಸಬೇಕಾದದ್ದು ಕೋಣೆಯ ಗಾಳಿಗೇ. ಆದುದರಿಂದ ಕೋಣೆ 36 ಡಿಗ್ರಿ ಇದ್ದರೆ, ಎಷ್ಟೇ ಬೆಲೆಯ ರೇಡಿಯೇಟರಾದರೂ ಒಳಗಿನ ದ್ರವವನ್ನು ಅದಕ್ಕಿಂತ ಕೆಳಗೆ ಇಳಿಸಲಾರದು. ನೀರು ಹಾಕಿಸಿದರೆ ಕೋಣೆ ತಂಪಾಗುತ್ತದೆ ಎಂಬ ಭ್ರಮೆಯೂ ಕೆಲವರಲ್ಲಿ ಉಂಟು. ಯಂತ್ರ ಉಣ್ಣುವ ವಿದ್ಯುತ್ತೆಲ್ಲ ಕಡೆಗೆ ತಾಪವಾಗಿ ಕೋಣೆಯಲ್ಲಿಯೇ ಉಳಿಯುತ್ತದೆ. ಮಣ್ಣಿನ ಹೂಜಿಯ ನೀರು ಸುತ್ತಣ ಗಾಳಿಗಿಂತ ತಣ್ಣಗಿರುವುದು ಮೈಯಿಂದ ಬೆವರಿನಂತೆ ನೀರು ಆವಿಯಾಗುವುದರಿಂದ. ಮುಚ್ಚಿದ ಕೊಳವೆಗೆ ಆ ಭಾಗ್ಯವಿಲ್ಲ.

ಹುಡುಗನಿಗೆ ತಂದೆಯ ಪ್ರಶ್ನೆ ಹಿಡಿಸಲಿಲ್ಲ. ಓದಿದವನ ವಾದವನ್ನು ಓದದವರು ಒಂದೇ ಮಾತಿನಲ್ಲಿ ಅಲುಗಿಸಿದಾಗ ಹಾಗಾಗುವುದು ಸಹಜ. ಅವನು ಎಸ್.ಪಿ. ರಸ್ತೆಯ ಅಂಗಡಿಗೆ ದೂರವಾಣಿ ಮಾಡಿ ಸಲಕರಣೆಯೊಂದನ್ನು ತೆಗೆದಿರಿಸಲು ಹೇಳಿಯೂ ಬಿಟ್ಟ.

ಆ ವಾರದಲ್ಲಿಯೇ ತೋಟದ ಕೊಳವೆಬಾವಿಯ ಮೋಟಾರು ಸುಟ್ಟಿತು. ಇದು ಕೂಡ ತಂಪಿನ ಕಥೆಯೇ. ನೀರಿನಾಳದಲ್ಲಿ ಮುಳುಗಿ ದುಡಿಯುವ ಆ ಮೋಟಾರನ್ನು ತಣ್ಣಗಿಡುವುದು ಅದರ ಮೈಯನ್ನು ಸವರಿಕೊಂಡು ಮೇಲೇರುವ ನೀರೇ. ಅಂತರ್ಜಲ ಇಳಿದು ನೀರು ಸಾಲದಾದರೆ, ಒಣಗಿ ತಿರುಗುವ ಮೋಟಾರಿನ ಸುರುಳಿಗಳು ಕರಗುತ್ತವೆ. ಮೇಲೆತ್ತಿಸಿ, ವೈಂಡಿಂಗ್ ಮಾಡಿಸಿ, ಇನ್ನೆರಡು ಉದ್ದ ಪೈಪು ಸೇರಿಸಿ ಇಳಿಸಲು ಹದಿನಾಲ್ಕು ಸಾವಿರದ ಲೆಕ್ಕ ಬಂತು. ಎಳೆಯ ತೆಂಗಿನ ಸಸಿಗಳು ಹದಿನೈದು ದಿನ ನೀರಿಲ್ಲದೆ ತಾಳುವಂತಿರಲಿಲ್ಲ. ತಂದೆ ಮಗನಿಗೆ ಏನನ್ನೂ ಹೇಳಲಿಲ್ಲ. ಬಡ್ಡಿಗೆ ಹಣ ತರಲು ಹೊರಟಿದ್ದಾರೆಂಬುದನ್ನು ತಾಯಿ ಹೇಳಿದಳು: “ನಿಂಗೆ ಅಂತ ಇಟ್ಟಿರೋದನ್ನ ಮುಟ್ಟಲ್ಲ ಅಂತಾರೆ ಕಣೋ.”

ಇಲ್ಲಿ ಹುಡುಗನ ಬುದ್ಧಿಯನ್ನು ಮೆಚ್ಚಬೇಕು. ಕೂಡಲೇ ಹಣವನ್ನು ತಂದೆಯ ಕೈಗೆ ಹಾಕಿ ತ್ಯಾಗಿಯೆನಿಸಿಕೊಳ್ಳಬಹುದಾಗಿತ್ತು. ಆದರೆ ಕನಿಕರಕ್ಕೆ ಬಿಟ್ಟುಕೊಟ್ಟ ಆಸೆ ಮುಂದೆಂದಾದರೂ ಕೊರಗಾಗಿ ಮರಳುತ್ತದೆಂದು ಅವನಿಗೆ ತೋರಿತು. ಬೇಕೋ ಬೇಡವೋ ಎಂಬುದನ್ನು ಮೊದಲು ಯಂತ್ರದಿಂದಲೇ ಕೇಳಿ ತಿಳಿಯೋಣವೆಂದು ಒಂದು ರಾತ್ರಿ ಸ್ಕ್ರೂಡ್ರೈವರ್ ಹಿಡಿದು ಕುಳಿತ.

ಪೆಟ್ಟಿಗೆಯ ಪಕ್ಕದ ಗಾಜನ್ನು ತೆಗೆದಾಗ ಕಂಡದ್ದು ಧೂಳು. ರಾಗಿಯ ಹೊಟ್ಟು, ತೆಂಗಿನ ನಾರಿನ ಪುಡಿ, ಅಡುಗೆಮನೆಯ ಹೊಗೆಯ ಜಿಡ್ಡು ಎಲ್ಲ ಸೇರಿ ಲೋಹದ ರೆಕ್ಕೆಗಳ ನಡುವೆ ಕಂಬಳಿಯಂತೆ ಹಾಸಿತ್ತು. ಪ್ರೊಸೆಸರಿಗೂ ಲೋಹಕ್ಕೂ ನಡುವೆ ಬಳಿಯುವ ಲೇಪ ಒಣಗಿ ಬಿರುಕುಬಿಟ್ಟಿತ್ತು. ಸಾಲದುದಕ್ಕೆ ಪೆಟ್ಟಿಗೆಯ ಬೆನ್ನು ಗೋಡೆಗೆ ಅಂಟಿಕೊಂಡಿತ್ತು. ಗೋಡೆ ಪಡುವಣ ದಿಕ್ಕಿನದು, ಮೇಲೆ ಶೀಟಿನ ಮಾಡು. ಧೂಳು ತೆಗೆದು, ಹೊಸ ಲೇಪ ಹಚ್ಚಿ, ಪೆಟ್ಟಿಗೆಯನ್ನು ಮೂಡಣ ಕೋಣೆಯ ನೆರಳಿಗೆ ಸರಿಸಿ, ಮುಂಭಾಗದ ಮುಚ್ಚಳವನ್ನು ಸಡಿಲಿಸಿ, ಮರುದಿನ ಮಧ್ಯಾಹ್ನ ಅದೇ ವೀಡಿಯೋವನ್ನು ಓಡಿಸಿದಾಗ ಉಷ್ಣತೆ 85ಕ್ಕೆ ಇಳಿದಿತ್ತು. ಖರ್ಚು ಲೇಪದ ಕೊಳವೆಯದಷ್ಟೇ.

ಮತ್ತೊಂದು ಸಂಗತಿಯೂ ಬೆಳಕಿಗೆ ಬಂತು. ಅವನ ಪ್ರೊಸೆಸರು ದುಡಿಮೆಯ ತುದಿಯಲ್ಲಿ ಉಣ್ಣುವುದು ಸುಮಾರು 88 ವಾಟ್. ಆಟದ ಹೊತ್ತಿನಲ್ಲಿ ಅದಕ್ಕಿಂತ ಹೆಚ್ಚಿನ ತಾಪ ಹೊಮ್ಮುವುದು 115 ವಾಟಿನ ಗ್ರಾಫಿಕ್ಸ್ ಕಾರ್ಡಿನಿಂದ. ಏಳೆಂಟು ಸಾವಿರದ ಆ ಸಲಕರಣೆ ಅದನ್ನು ಮುಟ್ಟುವುದೇ ಇಲ್ಲ. 253 ವಾಟಿನವರೆಗೆ ಏರುವ ಇಂಟೆಲ್ 14900ಕೆ ಎಂಬ ಪ್ರೊಸೆಸರನ್ನು ಇಟ್ಟುಕೊಂಡು ಗಂಟೆಗಟ್ಟಲೆ ದುಡಿಸುವವರಿಗೆ ನೀರಿನ ತಂಪು ಸಾರ್ಥಕ ಎನ್ನುವುದರಲ್ಲಿ ಸಂದೇಹವಿಲ್ಲ. ಇಕ್ಕಟ್ಟಾದ ಪೆಟ್ಟಿಗೆಯವರಿಗೂ ಅದು ಅನುಕೂಲ. ಮೋಟಾರು ಸೈಕಲ್ಲುಗಳಲ್ಲಿಯೂ ಇದೇ ನ್ಯಾಯ: ಊರೂರು ಸುತ್ತುವ ಸ್ಪ್ಲೆಂಡರಿಗೆ ಗಾಳಿ ಸಾಕು, ವೇಗಕ್ಕೆಂದೇ 2008ರಲ್ಲಿ ಬಂದ ಆರ್15ಕ್ಕೆ ದ್ರವ ಬೇಕಾಯಿತು.

ಹಾಸನದ ಗೆಳೆಯನಿಗೆ ಕೇಳಿದಾಗ ಅವನು ಪ್ರಾಮಾಣಿಕವಾಗಿ ಉತ್ತರಿಸಿದ. ಅದೇ ಪ್ರೊಸೆಸರಿಗೆ ಮೊದಲು ಎತ್ತರದ ಗಾಳಿ ಕೂಲರ್ ಹಾಕಿದ್ದೆ, ನೀರಿಗೆ ಬಂದ ಮೇಲೆ ನಾಲ್ಕೈದು ಡಿಗ್ರಿ ಕಡಮೆ, ಆಟದ ವೇಗದಲ್ಲಿ ವ್ಯತ್ಯಾಸ ಕಾಣೆ, ನೋಡಲು ಮಾತ್ರ ಬಲು ಚೆನ್ನ ಎಂದ. ಕಣ್ಣಿಗೆ ಚೆನ್ನಾಗಿರುವುದೂ ಒಂದು ಪ್ರಯೋಜನವೇ. ಅಂಗಳದ ರಂಗೋಲಿಗೆ ಲೆಕ್ಕ ಕೇಳುವವರು ಯಾರು? ಆದರೆ ರಂಗೋಲಿಗೆ ಪಂಪು ಇರುವುದಿಲ್ಲ. ಈ ಸಲಕರಣೆಯ ಪಂಪು ನಿಂತರೆ ಕ್ಷಣಗಳಲ್ಲಿ ಉಷ್ಣತೆ ಏರಿ ಯಂತ್ರ ಆರಿಹೋಗುತ್ತದೆ. ರಬ್ಬರಿನ ಕೊಳವೆಯ ಮೂಲಕ ದ್ರವ ವರ್ಷ ವರ್ಷವೂ ಸೂಕ್ಷ್ಮವಾಗಿ ಆವಿಯಾಗಿ ಕಡಮೆಯಾಗುತ್ತದೆ. ಅಪರೂಪಕ್ಕೆ ಸೋರಿದರೆ ಕೆಳಗಿರುವುದು ವಿದ್ಯುತ್ತಿನ ಹಲಗೆ. ಕಣಕಟ್ಟೆಯಲ್ಲಿ ಅದನ್ನು ದುರಸ್ತಿ ಮಾಡುವವರಿಲ್ಲ. ಗಾಳಿ ಕೂಲರಿನಲ್ಲಿ ಕೆಡಬಹುದಾದದ್ದು ಒಂದು ಪಂಖ ಮಾತ್ರ. ತಾನೇ ಕೊಳವೆ ಜೋಡಿಸಿ ಊರ ನೀರನ್ನೇ ತುಂಬಿದರಾಗದೇ ಎಂದು ತಮ್ಮ ಕೇಳಿದ್ದನಂತೆ. ಬಚ್ಚಲ ಹಂಡೆಯ ಒಳಗೆ ಸುಣ್ಣದ ಚಕ್ಕೆ ಕಟ್ಟುವ ಗಡಸು ನೀರು ಕೂದಲೆಳೆಯಷ್ಟು ಕಿರಿದಾದ ನಾಳಗಳಲ್ಲಿ ಏನು ಮಾಡೀತೆಂಬುದನ್ನು ಊಹಿಸಬಹುದು.

ಅಂಗಡಿಗೆ ಮತ್ತೆ ದೂರವಾಣಿ ಹೋಯಿತು. ನೀರಿನ ಸಲಕರಣೆಯ ಬದಲು ನಾಲ್ಕು ತಾಮ್ರದ ನಾಳಗಳುಳ್ಳ ಎತ್ತರದ ಗಾಳಿ ಕೂಲರ್, 2,300 ರೂಪಾಯಿ. ಅದನ್ನು ಕೂರಿಸಿದ ಮೇಲೆ ಮಧ್ಯಾಹ್ನದ ಉಷ್ಣತೆ 73 ಡಿಗ್ರಿಗೆ ಬಂತು. ಪಂಖದ ಗಿರಣಿಯ ಸದ್ದು ನಿಂತಿತು. ಉಳಿದ 12,700 ರೂಪಾಯಿಯನ್ನು ಅವನು ತಂದೆಯ ಮುಂದಿಟ್ಟು, ತನಗೆ ಬೇಕಾಗಲಿಲ್ಲವೆಂದು ಹೇಳಿದ.

“ನನಗೋಸ್ಕರ ಬಿಟ್ಟೆಯೇನೋ?” ಎಂದು ತಂದೆ ಕೇಳಿದರು.

“ಇಲ್ಲ ಅಪ್ಪಾಜಿ, ಲೆಕ್ಕ ಹಾಕಿ ನೋಡಿದೆ” ಎಂದು ಅವನು ಬರೆದಿಟ್ಟುಕೊಂಡಿದ್ದ ಅಂಕಿಗಳ ಹಾಳೆಯನ್ನು ತೋರಿಸಿದ. ತಂದೆ ಕನ್ನಡಕ ಹಾಕಿಕೊಂಡು ಅದನ್ನು ಪೂರ್ತಿ ಓದಿದರು. ಆಮೇಲೆ ಹಣವನ್ನು ತೆಗೆದುಕೊಂಡರು.

ಮೋಟಾರು ನಾಲ್ಕನೆಯ ದಿನ ಕೊಳವೆಬಾವಿಗೆ ಇಳಿಯಿತು. ನೀರು ಮುಗಿದಾಗ ತಾನಾಗಿ ನಿಲ್ಲಿಸುವ ರಕ್ಷಕವೊಂದನ್ನು ಸ್ಟಾರ್ಟರಿಗೆ ಸೇರಿಸಬೇಕೆಂದು ಹಟ ಹಿಡಿದವನು ಹುಡುಗನೇ. ಪ್ರೊಸೆಸರಿಗೆ ಇರುವ ವಿವೇಕ ಮೋಟಾರಿಗೂ ಇರಲಿ ಎಂಬುದು ಅವನ ವಾದ. ಗ್ರಾಫಿಕ್ಸ್ ಕಾರ್ಡು ಮಾತ್ರ ಈಗಲೂ ಬಿಸಿಯಾಗುತ್ತದೆ. ಅದಕ್ಕೆ ಪೆಟ್ಟಿಗೆಯ ತಳದಲ್ಲಿ ಇನ್ನೊಂದು ಪಂಖ ಇಡುವ ಯೋಚನೆಯಿದೆ. ಮುಂದಿನ ಮದುವೆಯ ವೀಡಿಯೋದ ಹಣ ಬರಬೇಕು.