ಕೆಂಪು ಮಸಿಯ ಗೆರೆಗಳು

‘ಪಶ್ಚಾತ್ತಾಪ’ ಎಂಬ ಪದವನ್ನು ಬಿಡಿಸಿದರೆ ‘ಪಶ್ಚಾತ್’ ಮತ್ತು ‘ತಾಪ’ ಎಂದಾಗುತ್ತದೆ. ಆಮೇಲೆ ಹುಟ್ಟುವ ಬೇಗೆ ಎಂದರ್ಥ. ಸಂಧಿ ಪಾಠ ಮಾಡುವಾಗ ಈ ಪದವನ್ನು ಎಷ್ಟೋ ಬಾರಿ ಹಲಗೆಯ ಮೇಲೆ ಬರೆದಿದ್ದೇನೆ. ಅದರ ಅರ್ಥ ನನಗೆ ತಿಳಿದದ್ದು ಮಾತ್ರ ಬಹಳ ತಡವಾಗಿ.

1983ರ ಮಾತು. ಧಾರವಾಡದ ಸಮೀಪದ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ನಾನು ಕನ್ನಡ ಶಿಕ್ಷಕನಾಗಿದ್ದೆ. ‘ನನ್ನ ಮೆಚ್ಚಿನ ಪ್ರಾಣಿ’ ಎಂಬ ವಿಷಯ ಕೊಟ್ಟು ಪ್ರಬಂಧ ಬರೆಯಲು ಹೇಳಿದ್ದೆ. ಎಂಟನೆಯ ತರಗತಿಯ ಹುಡುಗನೊಬ್ಬ, ಆ ವರ್ಷ ಸತ್ತುಹೋದ ತಮ್ಮ ಮನೆಯ ಎತ್ತಿನ ಬಗ್ಗೆ ಬರೆದಿದ್ದ. “ಅಪ್ಪ ಉಣ್ಣಾಕ ಒಲ್ಲೆ ಅಂದ. ರಾತ್ರಿ ಎಲ್ಲಾ ಗ್ವಾದಲಿ ಮುಂದ ಕುಂತಿದ್ದ” ಎಂದೇನೋ ಇತ್ತು. ನಾನು ಒಂದೊಂದು ಪದಕ್ಕೂ ಕೆಂಪು ಮಸಿಯಿಂದ ಗೆರೆ ಎಳೆದು, ಅಂಚಿನಲ್ಲಿ ‘ಗ್ರಾಮ್ಯ’ ಎಂದು ಬರೆದೆ. ಹತ್ತಕ್ಕೆ ಎರಡು ಅಂಕ ಕೊಟ್ಟೆ. ಅಷ್ಟಕ್ಕೇ ಬಿಡದೆ, ಹೀಗೆ ಬರೆಯಬಾರದು ಎಂದು ತರಗತಿಯಲ್ಲಿ ಗಟ್ಟಿಯಾಗಿ ಓದಿ ತೋರಿಸಿದೆ. ಮಕ್ಕಳೆಲ್ಲ ನಕ್ಕರು. ಆತ ತಲೆ ತಗ್ಗಿಸಿ ಕುಳಿತಿದ್ದ.

ಅಂದಿನಿಂದ ಅವನು ಒಂದು ತಪ್ಪನ್ನೂ ಮಾಡಲಿಲ್ಲ. ಗೈಡಿನ ವಾಕ್ಯಗಳನ್ನು ಬಾಯಿಪಾಠ ಮಾಡಿ ಅಚ್ಚುಕಟ್ಟಾಗಿ ಬರೆಯುತ್ತಿದ್ದ. ನಾನೂ ಸಂತೋಷದಿಂದ ಒಳ್ಳೆಯ ಅಂಕ ಕೊಡುತ್ತಿದ್ದೆ. ಅವನ ಬರಹದಲ್ಲಿ ಎತ್ತೂ ಇರಲಿಲ್ಲ, ಅಪ್ಪನೂ ಇರಲಿಲ್ಲ ಎಂಬುದು ನನಗೆ ಕಾಣಿಸಲೇ ಇಲ್ಲ.

ವಿಚಿತ್ರವೆಂದರೆ ಅದೇ ದಿನಗಳಲ್ಲಿ ನಾನು ಬೇಂದ್ರೆಯವರ ಕವಿತೆಯನ್ನು ಭಾವಪೂರ್ಣವಾಗಿ ಪಾಠ ಮಾಡುತ್ತಿದ್ದೆ. ಅವರು ತೀರಿಕೊಂಡು ಎರಡು ವರ್ಷವಾಗಿತ್ತಷ್ಟೆ. ಸ್ವತಃ ಅವರೂ ಧಾರವಾಡದಲ್ಲಿ ಶಾಲಾ ಮಾಸ್ತರರಾಗಿದ್ದವರು. ಹಲವು ವರ್ಷಗಳ ನಂತರ ಒಂದು ಸಂಜೆ ಸಾಧನಕೇರಿಯ ದಂಡೆಯಲ್ಲಿ ಕುಳಿತಿದ್ದಾಗ ತಟ್ಟನೆ ಹೊಳೆಯಿತು: 1973ರಲ್ಲಿ ಜ್ಞಾನಪೀಠ ಪಡೆದ ಅವರ ಸಂಕಲನದ ಹೆಸರು ‘ನಾಕು ತಂತಿ’. ಗ್ರಂಥಭಾಷೆಯ ‘ನಾಲ್ಕು’ ಅಲ್ಲ, ನಮ್ಮ ಓಣಿಯ ‘ನಾಕು’. ಆ ಹೆಸರನ್ನು ಒಬ್ಬ ವಿದ್ಯಾರ್ಥಿ ಬರೆದು ತಂದಿದ್ದರೆ ಅದರ ಮೇಲೂ ನನ್ನ ಕೆಂಪು ಗೆರೆ ಬೀಳುತ್ತಿತ್ತು!

ಅಂದು ರಾತ್ರಿ ನಿದ್ರೆ ಬರಲಿಲ್ಲ. ಕೇವಲ ಮರುಗಿ ಕುಳಿತರೆ ಅದೂ ಒಂದು ಬಗೆಯ ಸ್ವಾರ್ಥವೇ. ನಾನೇಕೆ ಹಾಗೆ ಮಾಡಿದೆ ಎಂದು ಕೇಳಿಕೊಂಡೆ. ಉತ್ತರ ಹಿತವಾಗಿರಲಿಲ್ಲ. ನಾನೂ ಅಂಥದೇ ಮನೆಯಿಂದ ಬಂದವನು. ನನ್ನ ಅವ್ವನ ಮಾತಿನ ಬಗ್ಗೆ ನನಗಿದ್ದ ನಾಚಿಕೆಯನ್ನು ಆ ಹುಡುಗನ ಹಾಳೆಯ ಮೇಲೆ ಚೆಲ್ಲಿದ್ದೆ.

ಆಮೇಲೆ ನನ್ನ ರೂಢಿ ಬದಲಾಯಿತು. ಪ್ರಬಂಧವನ್ನು ಮೊದಲ ಸಲ ಪೆನ್ನು ಮುಟ್ಟದೆ ಓದತೊಡಗಿದೆ. ಮಗು ಏನು ಹೇಳುತ್ತಿದೆ ಎಂಬುದು ಮೊದಲು, ಕಾಗುಣಿತ ಆಮೇಲೆ. ಶಿಷ್ಟ ಕನ್ನಡ ಕಲಿಸುವುದನ್ನು ಬಿಡಲಿಲ್ಲ. ಪರೀಕ್ಷೆಗೆ, ನೌಕರಿಗೆ ಅದು ಬೇಕೇ ಬೇಕು. ಆದರೆ ಮನೆಮಾತನ್ನು ‘ತಪ್ಪು’ ಎನ್ನುವುದನ್ನು ಬಿಟ್ಟೆ. ನಾನೂ ಬರೆಯಲು ಕುಳಿತೆ. ಅಲ್ಲಿಯವರೆಗಿನ ನನ್ನ ಲೇಖನಗಳು ಗೈಡಿನಂತೆಯೇ ಇದ್ದವು. ಅವ್ವ ರೊಟ್ಟಿ ಬಡಿಯುತ್ತ ಆಡುತ್ತಿದ್ದ ಮಾತುಗಳನ್ನು ಅವಳಾಡಿದಂತೆಯೇ ಬರೆದ ದಿನ, ಮೊದಲ ಬಾರಿಗೆ ನನ್ನದೆನ್ನುವ ಒಂದು ಪುಟ ಹುಟ್ಟಿತು.

ನಿವೃತ್ತಿಯ ನಂತರ ಒಮ್ಮೆ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಆತ ಸಿಕ್ಕ. ಕಾಲು ಮುಟ್ಟಿ ನಮಸ್ಕರಿಸಿ, “ಶುದ್ಧ ಬರಿಯೂದು ನಿಮ್ಮಿಂದ ಕಲಿತೆ ನೋಡ್ರಿ ಸರ” ಎಂದ. ಎತ್ತಿನ ಪ್ರಬಂಧ ನೆನಪಿದೆಯೇ ಎಂದು ಅಳುಕುತ್ತಲೇ ಕೇಳಿ, ನನ್ನಿಂದ ತಪ್ಪಾಯಿತು ಎಂದೆ. ಒಂದು ಗಳಿಗೆ ಸುಮ್ಮನಿದ್ದು, “ಸಣ್ಣಾವಿದ್ದಾಗಿನ ಮಾತು, ಬಿಡ್ರಿ ಸರ” ಎಂದು ನಕ್ಕ. ಈಗ ಏನಾದರೂ ಬರೆಯುತ್ತೀಯಾ ಎಂದೆ. “ಲೆಕ್ಕಾ ಬರೀತೇನ್ರಿ” ಎಂದ.

ಆ ಬೇಗೆಯಿಂದ ನನ್ನ ಬರವಣಿಗೆ ಚಿಗುರಿತು, ನಿಜ. ಅದರ ಬೆಲೆಯನ್ನು ಕೊಟ್ಟವನು ಮಾತ್ರ ನಾನಲ್ಲ.